ಎಂ.ಆರ್.ಡಿ. ರಿಪೋರ್ಟ್ ಬರುವ ತನಕ ದಿನ ಹೇಗೆ ಕಳೆದಿರಿ?

ಕಲಬುರಗಿಯ ಒಬ್ಬ ತಾಯಿ:
ಮಗನಿಗೆ 6 ವರ್ಷ. ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್. ಮೊದಲ ತಿಂಗಳ ಕೀಮೋ ಮುಗಿಯಿತು. ಕೀಮೋ ಆದ ಮೇಲೂ ಕ್ಯಾನ್ಸರ್ ಕಣ ಎಷ್ಟು ಉಳಿದಿವೆ ಅಂತ ನೋಡುವ ಎಂ.ಆರ್.ಡಿ. ಟೆಸ್ಟಿಗೆ ಬೆಂಗಳೂರಿನಲ್ಲಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಕಳಿಸಿದ್ದಾರೆ. ಒಂದು ವಾರ ಬೇಕಂತೆ. ಊರಿಗೆ ಬಂದಿದ್ದೇವೆ. ಫೋನ್ ಸದ್ದಾದರೆ ಕೈ ನಡುಗುತ್ತದೆ. ನೀವೆಲ್ಲ ಏನು ಮಾಡಿದಿರಿ?

ಬೀದರಿನಿಂದ ಒಬ್ಬ ತಾಯಿ:
ಅಕ್ಕಾ, ನನ್ನ ಮಗಳನ್ನು ಹೈದರಾಬಾದಿನಲ್ಲಿ ತೋರಿಸಿದ್ದೆವು. ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ರಿಪೋರ್ಟ್ ವಾಟ್ಸಾಪಿಗೆ ಬಂದ ಕೂಡಲೇ ನಾನೇ ಓದಿಬಿಟ್ಟೆ. 0.004 ಎಂದಿತ್ತು. ಸೊನ್ನೆ ಇಲ್ಲವಲ್ಲ ಅಂತ ಒಲೆ ಮುಂದೆಯೇ ಕೂತು ಅತ್ತೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಡಾಕ್ಟರು, "ಇದು ಒಳ್ಳೆಯ ರಿಪೋರ್ಟೇ ಅಮ್ಮಾ" ಎಂದರು. ಸಾಮಾನ್ಯವಾಗಿ ಶೇ. 0.01ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್ ಎಂದೇ ಲೆಕ್ಕವಂತೆ. ಅಂದರೆ 10,000 ಕಣಗಳಲ್ಲಿ ಒಂದಕ್ಕಿಂತ ಕಡಿಮೆ. ಒಂದು ರಾತ್ರಿ ಸುಮ್ನೆ ಸತ್ತು ಬದುಕಿದೆ ನೋಡಿ.

ಅದಕ್ಕೇ ಈಗಲೇ ಕೇಳಿಟ್ಟುಕೊಳ್ಳಿ: ಎಷ್ಟು ಬಂದರೆ ಮುಂದೇನು? ಜಾಸ್ತಿ ಬಂದರೂ ಎಲ್ಲ ಮುಗಿಯಿತು ಅಂತಲ್ಲ, ಔಷಧ ಇನ್ನೂ ಜೋರು ಮಾಡುತ್ತಾರೆ. ನಮ್ಮ ಪಕ್ಕದ ಬೆಡ್ಡಿನ ಹುಡುಗನಿಗೆ ಹಾಗೇ ಆಯಿತು, ಚಿಕಿತ್ಸೆ ನಡೆದಿದೆ.

ಯಾದಗಿರಿಯಿಂದ ಒಬ್ಬ ತಂದೆ:
ರಿಪೋರ್ಟಿನ ಚಿಂತೆಯಲ್ಲಿ ಜ್ವರ ಮರೆಯಬೇಡಿ ತಂಗಿ. ನಮ್ಮ ಹುಡುಗನಿಗೆ ಇದೇ ವಾರದಲ್ಲಿ ರಾತ್ರಿ ಮೈ ಬಿಸಿಯಾಯಿತು. ಅರ್ಧ ಪ್ಯಾರಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಎಂದರು ಹಿರಿಯರು. ನಾನೂ ತಲೆಯಾಡಿಸಿದೆ. ಬೆಳಗಾಗುವುದರೊಳಗೆ ಗಡಗಡ ನಡುಗುತ್ತಿದ್ದ. ಐದು ದಿನ ಆಸ್ಪತ್ರೆ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. 100.4 ಡಿಗ್ರಿ ಮುಟ್ಟಿದರೆ ಆ ಗಳಿಗೆಯೇ ಹೊರಡಿ. ಮಾತ್ರೆ ಕೊಟ್ಟು ಕಾಯುವುದು ಬೇಡ. ರಾತ್ರಿ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಇವತ್ತೇ ಬೆಂಗಳೂರಿನ ಡಾಕ್ಟರನ್ನು ಕೇಳಿ. ಫೈಲು ಬಾಗಿಲ ಹತ್ತಿರವೇ ಇರಲಿ.

ಇನ್ನೊಂದು, ನಮಗೆ ತಡವಾಗಿ ಗೊತ್ತಾಗಿದ್ದು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ದುಡ್ಡಿಲ್ಲ, ಜೊತೆಗಿನ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ಸೇಡಂನಿಂದ, ಇನ್ನೊಂದು ಮಗುವಿನ ಸೋದರತ್ತೆ:
ನಮಗೆ ರಿಪೋರ್ಟಿಗಿಂತ ಬೀಗರ ಫೋನೇ ಕಾಟ. "ಬಂತೇನು? ಬಂತೇನು?" ಕೊನೆಗೆ ವೈನಿ ಫೋನನ್ನು ನಾನು ಇಟ್ಟುಕೊಂಡೆ. ಬಂದ ಮೇಲೆ ನಾವೇ ಹೇಳುತ್ತೇವೆ ಎಂದು ಎಲ್ಲರಿಗೂ ಒಂದೇ ಮಾತು. ಕೆಲವರಿಗೆ ಸಿಟ್ಟು ಬಂತು, ಬರಲಿ.

ಮಗುವಿಗೆ ಸುಳ್ಳು ಹೇಳಬೇಡಿ. "ಇನ್ನು ಸೂಜಿ ಇಲ್ಲ" ಅಂತ ನಾವು ಹೇಳಿಬಿಟ್ಟಿದ್ದೆವು. ರಿಪೋರ್ಟ್ ಚೆನ್ನಾಗಿ ಬಂದರೂ ಚಿಕಿತ್ಸೆ ಎರಡು ಮೂರು ವರ್ಷ ಇರುತ್ತದೆ, ಅಲ್ವಾ? ಮುಂದಿನ ಸೂಜಿಯ ದಿನ ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

ಕೇಳಿದ ತಾಯಿ:
ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅವರೂ 0.01 ಎಂದೇ ಹೇಳಿದರು, ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ರಿಪೋರ್ಟ್ ಇನ್ನೂ ಬಂದಿಲ್ಲ. ಸ್ಟೀರಾಯ್ಡ್ ಹಸಿವು ಇಳಿದಿಲ್ಲ, ರಾತ್ರಿ ಹನ್ನೊಂದಕ್ಕೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೇಳುತ್ತಿದ್ದಾನೆ. ಬಡಿಯಲು ಎದ್ದೆ.