ಲಡಾಖಿನ ಹಳ್ಳಿಗಳಲ್ಲಿ ಸಸ್ಯಾಹಾರಿಗಳ ಊಟ: ಹೋಗಿಬಂದವರ ಅನುಭವ

ಪ್ರಶ್ನೆ: ಜುಲೈ ಕೊನೆಯಲ್ಲಿ ತಂದೆತಾಯಿಯರೊಡನೆ ಲಡಾಖಿಗೆ ಹೊರಟಿದ್ದೇನೆ. ಮೂವರೂ ಸಸ್ಯಾಹಾರಿಗಳು. ಲೇಹ್ ಪಟ್ಟಣ ದಾಟಿದ ಮೇಲೆ, ಮುಖ್ಯವಾಗಿ ಲೇಹ್‌ನ ಪಶ್ಚಿಮಕ್ಕಿರುವ ಶಾಮ್ ಪ್ರದೇಶ ಮತ್ತು ಗಡಿಯ ಹಳ್ಳಿಯಾದ ತುರ್ತುಕ್‌ನಲ್ಲಿ, ಅಲ್ಲಿಯದೇ ಅಡುಗೆಯನ್ನು ಉಣ್ಣಬೇಕೆಂಬ ಆಸೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಲೇಹ್‌ನ ಮುಖ್ಯ ಬೀದಿಯ ಬಹುತೇಕ ಹೋಟೆಲುಗಳು ಪ್ರವಾಸಿಗರ ರುಚಿಗೆ ತಕ್ಕಂತೆ ಪನೀರ್, ನಾನ್, ನೂಡಲ್ಸ್ ಮಾಡುವುದರಿಂದ, ನಿಜವಾದ ಲಡಾಖಿ ಅಡುಗೆ ಬೇಕಿದ್ದರೆ ಹಳ್ಳಿಯ ಹೋಂಸ್ಟೇಗಳನ್ನೇ ಆರಿಸಿಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ರಾತ್ರಿಯ ಊಟ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತವೆ. ಆದರೆ ಕೇಳದಿದ್ದರೆ, ಅತಿಥಿಗಳಿಗೆ ಒಗ್ಗಲಿಕ್ಕಿಲ್ಲವೆಂಬ ಸಂಕೋಚದಿಂದ ಅವರು ಅನ್ನ, ಬೇಳೆಯನ್ನೇ ಬಡಿಸಿಬಿಡಬಹುದು. ಮಧ್ಯಾಹ್ನವೇ ‘ಸ್ಕ್ಯೂ’ ಬೇಕೆಂದು ಹೇಳಿಡಿ. ಗೋಧಿ ಹಿಟ್ಟಿನ ಸಣ್ಣ ಉಂಡೆಗಳನ್ನು ಹೆಬ್ಬೆರಳಿನಿಂದ ಒತ್ತಿ ಬಟ್ಟಲಿನ ಆಕಾರಕ್ಕೆ ತಂದು, ಆಲೂಗಡ್ಡೆ, ಕ್ಯಾರೆಟ್, ಟರ್ನಿಪ್‌ಗಳ ಜೊತೆ ಗಟ್ಟಿ ಸಾರಿನಲ್ಲಿ ಬೇಯಿಸುವ ಈ ಅಡುಗೆಗೆ ಸಮಯ ಹಿಡಿಯುತ್ತದೆ; ಆ ಚಳಿಯಲ್ಲಿ ಅದಕ್ಕಿಂತ ಹಿತವಾದ ಊಟವನ್ನು ನಾನು ಉಂಡಿಲ್ಲ. ಬಾರ್ಲಿ ಮತ್ತು ಬಟಾಣಿ ಹಿಟ್ಟಿನ ಮುದ್ದೆಯಾದ ‘ಪಾಬಾ’ವನ್ನೂ, ಸೊಪ್ಪು ಬೆರೆಸಿದ ಮೊಸರಿನ ‘ತಂಗ್ತುರ್’ ಅನ್ನೂ ಒಟ್ಟಿಗೆ ಕೇಳಿ.

ಎರಡನೆಯ ಉತ್ತರ: ಒಂದು ಎಚ್ಚರಿಕೆ ಸೇರಿಸುತ್ತೇನೆ. ಸ್ಕ್ಯೂ ಮತ್ತು ತುಕ್ಪಾಗಳಲ್ಲಿ (ತುಕ್ಪಾ ಎಂದರೆ ನೂಡಲ್ಸ್ ಹಾಕಿದ ಸಾರು) ಮಾಂಸದ ತುಂಡು ಕಾಣದಿದ್ದರೂ ಸಾರನ್ನು ಮೂಳೆ ಕುದಿಸಿದ ನೀರಿನಲ್ಲಿ ಮಾಡಿರುವ ಸಾಧ್ಯತೆಯಿದೆ. ಆದ್ದರಿಂದ ‘ಮಾಂಸ ಇದೆಯೇ’ ಎಂದಷ್ಟೇ ಕೇಳದೆ ಸಾರಿನ ವಿಷಯವನ್ನೂ ಬಿಡಿಸಿ ಕೇಳಿ. ಹಿಂದಿ ಬಹುಮಟ್ಟಿಗೆ ಸಾಕಾಗುತ್ತದೆ.

ಮೂರನೆಯ ಉತ್ತರ: ಹಿರಿಯರು ಜೊತೆಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರ್ ಇಲ್ಲದ ಕಡೆ ಬೇಳೆ ಸರಿಯಾಗಿ ಬೇಯುವುದಿಲ್ಲವಾದ್ದರಿಂದ, ದಾರಿಬದಿಯ ಡೇರೆಗಳಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ಮತ್ತೆ ಬೇಯಬೇಕಾಗಿಲ್ಲ. ಚಹಾದಲ್ಲಿ ಕಲಸಿ ತಿನ್ನಬಹುದು. ಅಲ್ಲಿನ ಜನ ತಲೆಮಾರುಗಳಿಂದ ಅದನ್ನು ನೆಚ್ಚಿಕೊಂಡಿರುವುದು ಎಷ್ಟು ವಿವೇಕದ್ದೆಂದು ನನಗೆ ಅರ್ಥವಾದದ್ದು ಅಲ್ಲಿಯೇ.

ತುರ್ತುಕ್‌ನದು ಬೇರೆಯೇ ಪಾಕ. 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ, 2010ರಲ್ಲಿ ಪ್ರವಾಸಿಗರಿಗೆ ತೆರೆದುಕೊಂಡ ಈ ಬಾಲ್ಟಿ ಹಳ್ಳಿಯಲ್ಲಿ (ಬಾಲ್ಟಿಗಳು ಬಾಲ್ಟಿ ಭಾಷೆಯಾಡುವ ಮುಸ್ಲಿಮರು) ಬಕ್‌ವೀಟ್ ಹಿಟ್ಟಿನ ದೋಸೆಯಂಥ ‘ಕಿಸಿರ್’ ಸಿಗುತ್ತದೆ. ಏಪ್ರಿಕಾಟ್ ಮಾಗುವ ಕಾಲಕ್ಕೇ ನೀವು ಹೋಗುತ್ತಿದ್ದೀರಿ. ತೋಟದ ಮನೆಗಳಲ್ಲಿ ಕೇಳಿ ಕೊಂಡುಕೊಳ್ಳಿ. ಬೌದ್ಧ ಮನೆಗಳಿರಲಿ, ಬಾಲ್ಟಿ ಮನೆಗಳಿರಲಿ, ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಚಹಾ ಬಂದೇ ಬರುತ್ತದೆ. ಬಟ್ಟಲು ಬರಿದಾದಂತೆಲ್ಲ ತುಂಬಿಸುವುದು ಅವರ ಆದರ. ಸಾಕೆನಿಸಿದಾಗ ಬಟ್ಟಲನ್ನು ತುಂಬಿದಂತೆಯೇ ಬಿಟ್ಟು, ಹೊರಡುವಾಗ ಕುಡಿಯುವುದು ರೂಢಿ.