ಚೆಸ್ಟ್ ಫ್ರೀಜರಿಗೆ ಬಿಯರ್ ಹಿಡಿಯುವ ನಲ್ಲಿ: ಫ್ರೀಜರಿನ ಗೋಡೆ ಕೊರೆಯಬಹುದೇ?

ಪ್ರಶ್ನೆ: ನಾನು ಅಮೆರಿಕದ ಓರೆಗಾನ್‌ನಲ್ಲಿದ್ದೇನೆ. ಮನೆಯಲ್ಲೇ ತಯಾರಿಸಿದ ಬಿಯರನ್ನು 19 ಲೀಟರಿನ ಎರಡು ಕಾರ್ನೀಲಿಯಸ್ ಕೆಗ್ ಎಂಬ ಉಕ್ಕಿನ ಪೀಪಾಯಿಗಳಲ್ಲಿಟ್ಟು ನಲ್ಲಿಯಿಂದ ಹಿಡಿಯುವಂತೆ, ಗ್ಯಾರೇಜಿನ ಹಳೆಯ ಚೆಸ್ಟ್ ಫ್ರೀಜರನ್ನು (ಮೇಲ್ಗಡೆ ಮುಚ್ಚಳವಿರುವ ಪೆಟ್ಟಿಗೆಯಂಥದ್ದು) ಮಾರ್ಪಡಿಸಬೇಕೆಂದಿದ್ದೇನೆ. ನಲ್ಲಿಗಳಿಗಾಗಿ ಅದರ ಗೋಡೆಯನ್ನು ಕೊರೆಯಬಹುದೇ?

ಉತ್ತರ 1: ದಯವಿಟ್ಟು ಕೊರೆಯಬೇಡಿ. ಶೀತಕ ಹರಿಯುವ ಕೊಳವೆಗಳು ಸಾಮಾನ್ಯವಾಗಿ ಗೋಡೆಯೊಳಗೇ ಅಡಗಿರುವುದರಿಂದ, ಒಂದು ತಪ್ಪು ರಂಧ್ರ ಬಿದ್ದರೂ ಶೀತಕ ಸೋರಿ ಇಡೀ ಫ್ರೀಜರ್ ಕೆಲಸಕ್ಕೆ ಬಾರದಂತಾಗುತ್ತದೆ. ಮುಚ್ಚಳವನ್ನು ಕಳಚಿ, ಪೆಟ್ಟಿಗೆಯ ಅಂಚಿನ ಮೇಲೆ ಮರದ ಚೌಕಟ್ಟನ್ನು ಕೂರಿಸಿ, ಅದರ ಒಳಮೈಗೆ ಫೋಮ್ ಹಲಗೆಯನ್ನು ಅಂಟಿಸಿ, ಮುಚ್ಚಳವನ್ನು ಅದರ ಮೇಲೆ ಮರಳಿ ಜೋಡಿಸಿದರೆ, ನಲ್ಲಿಗಳನ್ನು ಆ ಮರಕ್ಕೇ ಅಳವಡಿಸಬಹುದು. ಒಳಗಿನ ಎತ್ತರವೂ ಹೆಚ್ಚುತ್ತದೆ.

ಉತ್ತರ 2: ಚೌಕಟ್ಟಿನಷ್ಟೇ ಮುಖ್ಯವಾದದ್ದು ತಾಪ ನಿಯಂತ್ರಕ. ಫ್ರೀಜರಿನ ಸ್ವಂತ ಥರ್ಮೋಸ್ಟಾಟನ್ನೇ ನಂಬಿದರೆ ಬಿಯರ್ ಹೆಪ್ಪುಗಟ್ಟುತ್ತದೆ. ಆದ್ದರಿಂದ ಫ್ರೀಜರಿನ ಪ್ಲಗ್ಗನ್ನು ಹೊರಗಿನ ನಿಯಂತ್ರಕಕ್ಕೆ ಜೋಡಿಸಿ 3ರಿಂದ 4 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ, ಅದರ ಸಂವೇದಕವನ್ನು ಫ್ರೀಜರಿನೊಳಗೆ ನೀರಿನ ಬಾಟಲಿಯಲ್ಲಿ ಮುಳುಗಿಸಿಡಿ. ಆಗ ಕಂಪ್ರೆಸರ್ ಪದೇಪದೇ ಚಾಲೂ ಆಗುವುದಿಲ್ಲ. ತಣ್ಣನೆಯ ಗಾಳಿ ತಳದಲ್ಲೇ ಉಳಿದು ಮೇಲಿನ ನಲ್ಲಿಗಳು ಬೆಚ್ಚಗಿರುವುದರಿಂದ ಮೊದಲ ಲೋಟದಲ್ಲಿ ಬರೀ ನೊರೆ ಬರುತ್ತದೆ. ನನ್ನದರಲ್ಲಿ ಒಂದು ಪುಟ್ಟ ಫ್ಯಾನ್ ಇಟ್ಟ ಮೇಲೆಯೇ ಅದು ತಗ್ಗಿತು.

ಪ್ರಶ್ನಿಸಿದವರು: ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೋಡೆಯನ್ನು ಮುಟ್ಟುವುದಿಲ್ಲ, ಈ ವಾರವೇ ಮರ ತರುತ್ತೇನೆ.