ಸಹಾಯ ಬೇಕು: ಬಿಟ್ ಟ್ರಿಪ್ ರನ್ನರ್ ಆಟದಲ್ಲಿ ತಾಳ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ, ಕೌಲ್ ಬಜಾರ್ ಕಡೆಯವನು.

ಬಿಟ್ ಟ್ರಿಪ್ ಸರಣಿ ಗೊತ್ತಿರೋರು ಇಲ್ಲಿ ಇದ್ದೀರಾ? 2009ರಿಂದ 2011ರೊಳಗೆ ಬಂದ ಆರು ಆಟಗಳು. ನೋಡೋಕೆ ಹಳೇ ಕಾಲದ ಚೌಕ ಚೌಕ ಚಿತ್ರ, ಆದರೆ ಆಡೋದೆಲ್ಲ ತಾಳದ ಮೇಲೆ. ನಾನು, ನನ್ನ ತಮ್ಮ ಈಗ ನಾಲ್ಕನೆಯದು, ರನ್ನರ್, ಆಡುತ್ತಿದ್ದೇವೆ. ಆಟದ ನಾಯಕ, ಹೆಸರು ಕಮಾಂಡರ್ ವಿಡಿಯೋ, ತಾನಾಗಿಯೇ ಓಡುತ್ತಾನೆ. ನಾವು ಹಾರಿಸಬೇಕು, ಬಗ್ಗಿಸಬೇಕು, ಒದೆಸಬೇಕು. ದಾರಿಯಲ್ಲಿ ಸಿಗೋ ಪ್ರತಿ ಚಿನ್ನದ ಗಟ್ಟಿ ಎತ್ತಿಕೊಂಡಾಗಲೂ ಹಾಡಿಗೆ ಒಂದು ಸ್ವರ ಸೇರುತ್ತೆ. ಎಷ್ಟು ಚೆಂದ ಅಂದ್ರೆ, ಕಣ್ಣಿಗಿಂತ ಕಿವಿ ನಂಬಿ ಆಡಬೇಕು ಅನ್ಸುತ್ತೆ.

ತೊಂದರೆ ಅಲ್ಲೇ. ಲ್ಯಾಪ್‌ಟಾಪ್‌ನಲ್ಲಿ ವೈರ್ ಇಯರ್‌ಫೋನ್ ಹಾಕಿದರೆ ಎಲ್ಲ ಸರಿ. ಎಚ್‌ಡಿಎಂಐ ಹಾಕಿ ಟಿವಿಗೆ ಕೊಟ್ಟು, ಬ್ಲೂಟೂತ್ ಸ್ಪೀಕರ್ ಹಚ್ಚಿದರೆ ಕಮಾಂಡರ್ ಚಿನ್ನದ ಗಟ್ಟಿ ದಾಟಿ ಹೋದ ಮೇಲೆ 'ಟಿಣ್' ಅನ್ನುತ್ತೆ. ಒಂದು ಸಲ ಡಿಕ್ಕಿ ಹೊಡೆದರೂ ಮತ್ತೆ ಶುರುವಿನಿಂದ ಓಡಬೇಕಲ್ವಾ! 'ಒಡಿಸ್ಸಿ' ಅನ್ನೋ ಉದ್ದದ ಹಂತದಲ್ಲಿ ತಮ್ಮ ನಿನ್ನೆ ಅಳೋದೊಂದೇ ಬಾಕಿ.

ಸ್ಪೀಕರ್ ತೆಗೆದು ಟಿವಿ ಸೌಂಡ್‌ನಲ್ಲೇ ಆಡಿದೆ. ಜಾಸ್ತಿ ಅಲ್ಲ, ಆದರೂ ತಡ ಇದೆ. ಬಟನ್ ಒತ್ತಿದ ಮೇಲೆ ಹಾರೋದೂ ಸ್ವಲ್ಪ ನಿಧಾನ. ಟಿವಿಯಲ್ಲಿ ಗೇಮ್ ಮೋಡ್ (ಆಟಕ್ಕೆ ಅಂತ ತಡ ಕಡಿಮೆ ಮಾಡೋ ಸೆಟ್ಟಿಂಗ್) ಹುಡುಕಿದೆ, ಸಿಗಲಿಲ್ಲ. ಹಳೇ ಟಿವಿಗಳಲ್ಲಿ ಅದು ಬೇರೆ ಹೆಸರಲ್ಲಿ ಇರುತ್ತಾ? ಲ್ಯಾಪ್‌ಟಾಪ್‌ನಿಂದ ನೇರ ವೈರ್ ಸ್ಪೀಕರ್‌ಗೆ ಕೊಟ್ಟರೆ ಸಾಕಾ, ಚಿತ್ರದ ತಡಕ್ಕೆ ಏನು ಮಾಡೋದು? ರಾಯಲ್ ಸರ್ಕಲ್ ಸುತ್ತ ಐದು ಮೀಟರ್ ಆಕ್ಸ್ ವೈರ್ (ಸ್ಪೀಕರ್‌ಗೆ ಸೌಂಡ್ ಕೊಡೋ ವೈರ್) ಒಳ್ಳೇದು ಎಲ್ಲಿ ಸಿಗುತ್ತೆ ಅಂತಲೂ ಹೇಳಿ. ಭಾನುವಾರ ತಮ್ಮ ಹಾಸ್ಟೆಲ್‌ಗೆ ವಾಪಸ್ ಹೋಗ್ತಾನೆ, ಅಷ್ಟರೊಳಗೆ ಆದರೆ ತುಂಬಾ ಉಪಕಾರ.